ಕೀಮೋಥೆರಪಿ ಮತ್ತು ತಲೆಗೂದಲು: ಉದುರುವುದನ್ನು ತಡೆಯಬಹುದೇ?

ಸ್ತನ ಕ್ಯಾನ್ಸರ್‌ಗೆ ಕೀಮೋಥೆರಪಿ ಕೊಡಬೇಕಾಗುತ್ತದೆ ಎಂದು ವೈದ್ಯರು ತಿಳಿಸಿದಾಗ ನಮ್ಮ ತಾಯಂದಿರು, ಸೋದರಿಯರು ಅವರ ಮುಂದೆ ಸುಮ್ಮನೆ ತಲೆಯಾಡಿಸಿ ಹೊರಗೆ ಬರುತ್ತಾರೆ. ಆಮೇಲೆ ಸಿಸ್ಟರ್ ಹತ್ತಿರ ಹೋಗಿ ಮೆಲ್ಲಗೆ ಕೇಳುವುದು ಒಂದೇ ಮಾತು: "ಕೂದಲೆಲ್ಲ ಹೋಗ್ತದೇನ್ರಿ?"

ಈ ಪ್ರಶ್ನೆ ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಜೀವಕ್ಕೆ ಕುತ್ತು ಬಂದಿರುವಾಗ ಕೂದಲಿನ ಚಿಂತೆ ಏಕೆ ಎಂದು ಮನೆಯವರು ಗದರುವುದುಂಟು. ಆದರೆ ನಮ್ಮಲ್ಲಿ ಹೆಣ್ಣುಮಕ್ಕಳ ಕೂದಲು ಬರೀ ಅಲಂಕಾರವಲ್ಲ. ಮುಡಿಯಲ್ಲಿ ಹೂವಿರುವುದು ಮುತ್ತೈದೆಯ ಗುರುತು ಎಂದು ನಂಬಿದ ಮನೆಗಳು ಇಂದಿಗೂ ಬಹಳ. ಹಿಂದಿನ ಕಾಲದಲ್ಲಿ ಕೆಲವು ಸಮುದಾಯಗಳಲ್ಲಿ ಗಂಡ ಸತ್ತ ಹೆಣ್ಣುಮಗಳ ತಲೆ ಬೋಳಿಸುತ್ತಿದ್ದರು. ಆ ಕ್ರೂರ ಪದ್ಧತಿಯ ನೆನಪು ಹಿರಿಯರ ಮನಸ್ಸಿನಿಂದ ಪೂರ್ತಿ ಹೋಗಿಲ್ಲ. ಅದಲ್ಲದೆ ಸ್ತನದ ಶಸ್ತ್ರಚಿಕಿತ್ಸೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬಹುದು, ಬೋಳುತಲೆಯನ್ನು ಮುಚ್ಚಿಡುವುದು ಕಷ್ಟ. ಕಾಯಿಲೆಯ ವಿಷಯ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಅಂಜಿಕೆಯೂ ಇದರಲ್ಲಿ ಸೇರಿದೆ. ಈ ಒಂದು ಕಾರಣಕ್ಕೆ ಕೀಮೋಥೆರಪಿಯೇ ಬೇಡ ಎನ್ನುವವರಿದ್ದಾರೆ. ಮೊದಲ ಡೋಸ್ ಪಡೆದು, ಕೂದಲು ಉದುರಲು ಶುರುವಾದ ಮೇಲೆ ಎರಡನೆಯದಕ್ಕೆ ಬಾರದವರೂ ಇದ್ದಾರೆ. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ರೋಗ ಮರಳಿ ಬರುವ ಅಪಾಯ ಹೆಚ್ಚು. ಆದುದರಿಂದ ಈ ವಿಷಯವನ್ನು ಮೊದಲೇ, ಬಿಚ್ಚಿ ಮಾತನಾಡುವುದು ಒಳ್ಳೆಯದು.

ಕೂದಲು ಏಕೆ ಉದುರುತ್ತದೆ?

ಕ್ಯಾನ್ಸರ್ ಜೀವಕೋಶಗಳ ಗುಣ ಬಹುಬೇಗ ಒಡೆದು ಎರಡಾಗುತ್ತ ಬೆಳೆಯುವುದು. ಕೀಮೋಥೆರಪಿಯ ಹೆಚ್ಚಿನ ಔಷಧಗಳು ಹೀಗೆ ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಹುಡುಕಿ ಹೊಡೆಯುತ್ತವೆ. ಆದರೆ ನಮ್ಮ ದೇಹದ ಕೆಲವು ಒಳ್ಳೆಯ ಜೀವಕೋಶಗಳೂ ಅಷ್ಟೇ ಚುರುಕಾಗಿ ಬೆಳೆಯುತ್ತಿರುತ್ತವೆ. ಬಾಯಿಯ ಒಳಪದರ, ಮೂಳೆಮಜ್ಜೆಯಲ್ಲಿ ತಯಾರಾಗುವ ರಕ್ತಕಣಗಳು ಹಾಗೂ ಕೂದಲಿನ ಬೇರು ಇವುಗಳಲ್ಲಿ ಮುಖ್ಯವಾದವು. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಯಾವುದೇ ದಿನ ನೋಡಿದರೂ ಅವುಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಬೆಳೆಯುವ ಹಂತದಲ್ಲೇ ಇರುತ್ತವೆ. ಹಾಗಾಗಿ ಔಷಧದ ಪೆಟ್ಟು ಏಕಕಾಲಕ್ಕೆ ಹೆಚ್ಚು ಕಡಿಮೆ ಇಡೀ ತಲೆಗೆ ಬೀಳುತ್ತದೆ.

ಹೊಲಕ್ಕೆ ಕಳೆನಾಶಕ ಹೊಡೆದಾಗ ಬದುವಿನ ಗರಿಕೆಯೂ ಒಣಗುವುದನ್ನು ರೈತರು ನೋಡಿದ್ದಾರೆ. ಮೇಲೆ ಹಸಿರು ಹೋದರೂ ನೆಲದೊಳಗೆ ಗರಿಕೆಯ ಬೇರಿಗೆ ಜೀವವಿರುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಕೂದಲಿನ ವಿಷಯವೂ ಬಹುಪಾಲು ಇಷ್ಟೇ. ಬೇರಿನ ಆಳದಲ್ಲಿರುವ, ನಿಧಾನವಾಗಿ ಬೆಳೆಯುವ ಮೂಲ ಜೀವಕೋಶಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಚಿಕಿತ್ಸೆ ಮುಗಿದ ನಂತರ ಕೂದಲು ಮರಳಿ ಬರುವುದು ಇವುಗಳಿಂದಲೇ.

ಉದುರುವಿಕೆ ಮೊದಲ ಡೋಸ್ ಪಡೆದ ದಿನವೇ ಕಾಣುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ಮೂರು ವಾರಗಳಲ್ಲಿ, ಅಂದರೆ ಎರಡನೇ ಡೋಸ್ ಹತ್ತಿರ ಬರುವ ಹೊತ್ತಿಗೆ ಆರಂಭವಾಗುತ್ತದೆ. ಅದಕ್ಕೆ ಒಂದೆರಡು ದಿನ ಮೊದಲು ನೆತ್ತಿಯಲ್ಲಿ ಒಂದು ಬಗೆಯ ನೋವು, ಜುಮ್ಮೆನ್ನುವಿಕೆ ಕಾಣಬಹುದು. ನಂತರ ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಸ್ನಾನದ ನೀರಿನಲ್ಲಿ ಗುಂಪುಗುಂಪಾಗಿ ಕೂದಲು ಬರುತ್ತದೆ. ಇದು ಯಾವ ವಾರ ಆಗಬಹುದೆಂದು ಮೊದಲೇ ಗೊತ್ತಿದ್ದರೆ ಅಷ್ಟು ಗಾಬರಿಯಾಗುವುದಿಲ್ಲ.

ಎಲ್ಲ ಔಷಧಗಳಿಂದಲೂ ಉದುರುತ್ತದೆಯೇ?

ಇಲ್ಲ. ರೋಗಿಗಳು 'ಕೆಂಪು ಔಷಧ' ಎಂದು ಗುರುತಿಸುವ ಡಾಕ್ಸೋರುಬಿಸಿನ್ (ಅಡ್ರಿಯಾಮೈಸಿನ್ ಎಂದೂ ಕರೆಯುತ್ತಾರೆ), ಅದೇ ಗುಂಪಿನ ಎಪಿರುಬಿಸಿನ್, ಮತ್ತು ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಇವುಗಳಿಂದ ಬಹುತೇಕ ಎಲ್ಲರಿಗೂ ಕೂದಲು ಹೋಗುತ್ತದೆ. ಸ್ತನ ಕ್ಯಾನ್ಸರ್‌ಗೆ ಹೆಚ್ಚಾಗಿ ಬಳಸುವುದೂ ಇವನ್ನೇ. ಹಳೆಯ ಸಿಎಂಎಫ್ ಪದ್ಧತಿಯಲ್ಲಿ ಕೂದಲು ತೆಳ್ಳಗಾಗುವುದೇ ಹೆಚ್ಚು. ಕೆಪಿಸಿಟಾಬಿನ್ ಮಾತ್ರೆಯಿಂದ ಅಷ್ಟಾಗಿ ಉದುರುವುದಿಲ್ಲ. ಟ್ರಾಸ್ಟುಜುಮಾಬ್ ಚುಚ್ಚುಮದ್ದನ್ನು ಒಂದನ್ನೇ ಕೊಡುವಾಗ ಸಾಮಾನ್ಯವಾಗಿ ಕೂದಲಿಗೆ ತೊಂದರೆಯಿಲ್ಲ. ಟ್ಯಾಮಾಕ್ಸಿಫೆನ್, ಲೆಟ್ರೋಜೋಲ್‌ನಂತಹ ಹಾರ್ಮೋನ್ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಕೆಲವರಿಗೆ ಕೂದಲು ತೆಳುವಾಗುತ್ತದೆ, ಬೋಳಾಗುವುದಿಲ್ಲ.

ಇನ್ನು ನಮ್ಮ ಜನ 'ಕರೆಂಟ್ ಕೊಡುವುದು' ಎನ್ನುವ ರೇಡಿಯೋಥೆರಪಿ. ಅದು ಬಿದ್ದ ಜಾಗದ ಕೂದಲನ್ನು ಮಾತ್ರ ಉದುರಿಸುತ್ತದೆ. ಎದೆಗೆ ಕೊಟ್ಟ ಕರೆಂಟಿನಿಂದ ತಲೆಗೂದಲು ಹೋಗುವುದಿಲ್ಲ.

ಒಂದು ತಪ್ಪು ತಿಳಿವಳಿಕೆ ಎರಡೂ ಕಡೆಯಿಂದ ಕೇಳಿಬರುತ್ತದೆ. ಪಕ್ಕದ ಮಂಚದವರಿಗೆ ಪೂರ್ತಿ ಉದುರಿದೆ, ನನಗೆ ಇನ್ನೂ ಅರ್ಧ ಉಳಿದಿದೆ, ಹಾಗಾದರೆ ನನಗೆ ಔಷಧ ನಾಟಿಲ್ಲವೇ ಎಂದು ಕೆಲವರು ಕಳವಳಪಡುತ್ತಾರೆ. ಕೂದಲು ಉದುರುವುದಕ್ಕೂ ಗೆಡ್ಡೆ ಕರಗುವುದಕ್ಕೂ ಸಂಬಂಧವಿಲ್ಲ. ಉದುರಿದ್ದು ಗುಣವಾಗುವ ಲಕ್ಷಣವೂ ಅಲ್ಲ, ಉಳಿದದ್ದು ಔಷಧ ಸೋತ ಲಕ್ಷಣವೂ ಅಲ್ಲ.

ಎಣ್ಣೆ, ಸೊಪ್ಪು, ಮಾತ್ರೆಗಳಿಂದ ತಡೆಯಬಹುದೇ?

ಕೀಮೋಥೆರಪಿ ಎಂದ ಕೂಡಲೇ ಮನೆಗೆ ಬಂದವರೆಲ್ಲ ಒಂದೊಂದು ಎಣ್ಣೆ ಹೇಳುತ್ತಾರೆ. ಗರಗದ ಸೊಪ್ಪಿನ ಎಣ್ಣೆ, ಹರಳೆಣ್ಣೆ, ದಾಸವಾಳದ ಎಲೆ, ಈರುಳ್ಳಿ ರಸ, ಮೆಂತ್ಯದ ಲೇಪ. ಪೆಟ್ಟು ಬೀಳುವುದು ರಕ್ತದ ಮೂಲಕ, ಬೇರಿನ ಒಳಗೆ. ಮೇಲಿನಿಂದ ಹಚ್ಚಿದ ಎಣ್ಣೆ ಅದನ್ನು ತಡೆಯಲಾರದು. ತಲೆ ತಂಪಾಗಲೆಂದು ತುಸು ಕೊಬ್ಬರಿ ಎಣ್ಣೆ ಸವರಿಕೊಂಡರೆ ಅಡ್ಡಿಯಿಲ್ಲ. ಗಟ್ಟಿಯಾಗಿ ತಿಕ್ಕುವುದು ಬೇಡ. ಈರುಳ್ಳಿ ರಸ, ಬೆಳ್ಳುಳ್ಳಿ, ಖಾರದ ಲೇಪಗಳು ಮಾತ್ರ ಖಂಡಿತ ಬೇಡ. ಈ ಸಮಯದಲ್ಲಿ ನೆತ್ತಿಯ ಚರ್ಮ ಸೂಕ್ಷ್ಮವಾಗಿರುತ್ತದೆ, ಬಿಳಿ ರಕ್ತಕಣಗಳೂ ಕಡಿಮೆಯಾಗಿರುತ್ತವೆ. ಚರ್ಮ ಸುಟ್ಟು ಗಾಯವಾದರೆ ಸೋಂಕು ತಗುಲುತ್ತದೆ.

ಔಷಧದ ಅಂಗಡಿಯಲ್ಲಿ ಕೂದಲಿನ ಮಾತ್ರೆಗಳೆಂದು ಸಿಗುವ ಬಯೋಟಿನ್ ಕೂಡ ಕೀಮೋಥೆರಪಿಯ ಉದುರುವಿಕೆಯನ್ನು ನಿಲ್ಲಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಮತ್ತು ಹೃದಯದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿರಿ. ಮಿನಾಕ್ಸಿಡಿಲ್ ದ್ರಾವಣ ಉದುರುವುದನ್ನು ತಡೆಯಲಿಲ್ಲ, ಆದರೆ ಮರಳಿ ಬೆಳೆಯುವುದನ್ನು ಸ್ವಲ್ಪ ಬೇಗ ಮಾಡಿತು ಎಂದು ಒಂದು ಸಣ್ಣ ಅಧ್ಯಯನದಲ್ಲಿ ಕಂಡುಬಂದಿದೆ. ವೈದ್ಯರು ಬರೆದುಕೊಟ್ಟರೆ ಮಾತ್ರ ಬಳಸಿರಿ. ಸಾವಿರಾರು ರೂಪಾಯಿಯ ಎಣ್ಣೆಗೆ ಕೊಡುವ ಹಣದಲ್ಲಿ ಬೇಳೆ, ಹಾಲು, ಮೊಳಕೆಕಾಳು, ಹಣ್ಣು ತಂದುಕೊಟ್ಟರೆ ರೋಗಿಗೆ ಹೆಚ್ಚು ಉಪಕಾರ. ಅದರಿಂದಲೂ ಕೂದಲು ನಿಲ್ಲುವುದಿಲ್ಲ, ಆದರೆ ಚಿಕಿತ್ಸೆ ತಡೆದುಕೊಳ್ಳುವ ಶಕ್ತಿ ಬರುತ್ತದೆ.

ನಿಜವಾಗಿ ಕೆಲಸ ಮಾಡುವ ವಿಧಾನ: ತಂಪು ಟೋಪಿ

ಕೀಮೋಥೆರಪಿಯಲ್ಲಿ ಕೂದಲು ಉಳಿಸುವುದಕ್ಕೆ ಪರೀಕ್ಷೆಗೆ ಒಳಪಟ್ಟು ಗೆದ್ದಿರುವ ಉಪಾಯ ಸದ್ಯಕ್ಕೆ ಒಂದೇ. ಅದು ನೆತ್ತಿಯನ್ನು ತಂಪುಗೊಳಿಸುವುದು. ಇದರ ತತ್ವ ಸರಳ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಔಷಧ ರಕ್ತದಲ್ಲಿ ಹೆಚ್ಚಾಗಿರುವ ಆ ಕೆಲವು ಗಂಟೆಗಳ ಕಾಲ ನೆತ್ತಿಯನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸಿದರೆ, ಕೂದಲಿನ ಬೇರಿಗೆ ತಲುಪುವ ಔಷಧ ಕಡಿಮೆಯಾಗುತ್ತದೆ. ಜೊತೆಗೆ ತಂಪಿನಲ್ಲಿ ಬೇರಿನ ಜೀವಕೋಶಗಳು ಮಂದವಾಗುವುದರಿಂದ ಬಂದ ಔಷಧದ ಪೆಟ್ಟೂ ಕಡಿಮೆ.

1970ರ ದಶಕದಲ್ಲೇ ವಿದೇಶಗಳಲ್ಲಿ ವೈದ್ಯರು ಮಂಜುಗಡ್ಡೆಯ ಚೀಲಗಳನ್ನು ತಲೆಗೆ ಕಟ್ಟಿ ಇದನ್ನು ಪ್ರಯತ್ನಿಸಿದ್ದರು. ಮಂಜು ಕರಗುತ್ತದೆ, ತಂಪು ಎಲ್ಲ ಕಡೆ ಸಮನಾಗಿ ಸಿಗುವುದಿಲ್ಲ. ಆಮೇಲೆ ಯಂತ್ರಗಳು ಬಂದವು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಪಾನೀಯಗಳನ್ನು ತಂಪು ಮಾಡುವ ಯಂತ್ರಗಳ ಉದ್ಯಮದಲ್ಲಿದ್ದ ಕುಟುಂಬವೊಂದರ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್ ಬಂದು ಕೂದಲು ಹೋದಾಗ, ಆಕೆಯ ಪತಿ ಅದೇ ತಿಳಿವಳಿಕೆಯಿಂದ ತಲೆ ತಂಪು ಮಾಡುವ ಯಂತ್ರ ರೂಪಿಸಿದರು. ಅದೇ ಪ್ಯಾಕ್ಸ್‌ಮನ್ ಯಂತ್ರ. ಸ್ವೀಡನ್ನಿನ ಡಿಗ್ನಿಕ್ಯಾಪ್ ಎಂಬುದು ಇನ್ನೊಂದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಡಿಗ್ನಿಕ್ಯಾಪ್‌ಗೆ 2015ರಲ್ಲಿ, ಪ್ಯಾಕ್ಸ್‌ಮನ್‌ಗೆ 2017ರಲ್ಲಿ ಒಪ್ಪಿಗೆ ನೀಡಿತು.

ಎಷ್ಟು ಫಲ ಸಿಗುತ್ತದೆ ಎಂಬುದನ್ನು ಉಬ್ಬಿಸದೆ ಹೇಳಬೇಕು. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಟೋಪಿ ಧರಿಸಿದ 95 ಮಹಿಳೆಯರಲ್ಲಿ 48 ಮಂದಿಗೆ ಅರ್ಧಕ್ಕಿಂತ ಹೆಚ್ಚು ಕೂದಲು ಉಳಿಯಿತು. ಟೋಪಿ ಇಲ್ಲದ 47 ಮಂದಿಯಲ್ಲಿ ಒಬ್ಬರಿಗೂ ಉಳಿಯಲಿಲ್ಲ. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 51 ಮಂದಿ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲೂ ಟೋಪಿ ಧರಿಸಿದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಪ್ರಯೋಜನವಾಯಿತು. ನಮ್ಮವರ ದಟ್ಟ ಕಪ್ಪು ಕೂದಲಿಗೂ ಇದು ಕೆಲಸ ಮಾಡುತ್ತದೆ ಎಂಬುದು ಇದರಿಂದ ತಿಳಿಯಿತು.

ಆದರೆ ಔಷಧ ಯಾವುದು ಎಂಬುದರ ಮೇಲೆ ಬಹಳ ನಿಂತಿದೆ. ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಪಡೆಯುವವರಲ್ಲಿ ಹತ್ತರಲ್ಲಿ ಆರು ಮಂದಿಗೆ ಫಲ ಸಿಕ್ಕಿದರೆ, ಕೆಂಪು ಔಷಧದ ಗುಂಪಿನವರಲ್ಲಿ ಐವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಎಂದು ಆ ಅಮೆರಿಕದ ಅಧ್ಯಯನ ತೋರಿಸಿತು. ನಿಮ್ಮ ಚಿಕಿತ್ಸೆಯಲ್ಲಿ ಯಾವ ಔಷಧವಿದೆ ಎಂದು ವೈದ್ಯರನ್ನು ಕೇಳಿಕೊಂಡು, ಆಮೇಲೆ ಹಣದ ಲೆಕ್ಕ ಹಾಕಿರಿ. ಸಾಲ ಮಾಡಿ, ಒಡವೆ ಅಡವಿಟ್ಟು ಟೋಪಿಗೆ ಹಣ ಹೊಂದಿಸುವ ಮೊದಲು ಈ ಮಾತು ಗೊತ್ತಿರಬೇಕು. ಇದು ಕ್ಯಾನ್ಸರ್ ಗುಣಪಡಿಸುವ ಚಿಕಿತ್ಸೆಯಲ್ಲ. ಹಣ ಎರಡರಲ್ಲಿ ಒಂದಕ್ಕೇ ಸಾಲುವುದಾದರೆ ಔಷಧಕ್ಕೇ ಸಲ್ಲಬೇಕು.

ಟೋಪಿ ಬೇಕೆನ್ನುವವರು ಮೊದಲ ಡೋಸಿನ ದಿನದಿಂದಲೇ ಆರಂಭಿಸಬೇಕು. ಕೂದಲು ಉದುರಲು ಶುರುವಾದ ಮೇಲೆ ಕೇಳಿದರೆ ತಡವಾಯಿತು. ಔಷಧ ಹನಿಸುವುದಕ್ಕೆ ಅರ್ಧ ಗಂಟೆ ಮೊದಲು ಟೋಪಿ ಹಾಕುತ್ತಾರೆ. ಔಷಧ ಹೋಗುವಷ್ಟು ಹೊತ್ತೂ ಅದು ತಲೆಯ ಮೇಲಿರಬೇಕು, ಮುಗಿದ ನಂತರವೂ ಔಷಧಕ್ಕೆ ತಕ್ಕಂತೆ ಒಂದರಿಂದ ಎರಡು ಗಂಟೆ ತೆಗೆಯುವಂತಿಲ್ಲ. ಪ್ರತಿ ಡೋಸಿಗೂ ಹೀಗೆಯೇ. ದೂರದ ಹಳ್ಳಿಗಳಿಂದ ಬರುವವರು ಸಂಜೆಯ ಬಸ್ಸು ತಪ್ಪುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಸಾಧ್ಯವಾದರೆ ಆ ರಾತ್ರಿ ಊರಿನಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿರಿ. ಆ ದಿನ ಎಣ್ಣೆ ಹಚ್ಚಿಕೊಂಡು ಬರಬೇಡಿ. ಜಡೆ ಬಿಚ್ಚಿ ಕೂದಲನ್ನು ತೆಳ್ಳಗೆ ಹರಡಿ, ಸ್ವಲ್ಪ ಒದ್ದೆ ಮಾಡಿ, ಟೋಪಿ ನೆತ್ತಿಗೆ ಒತ್ತಿ ಕೂರುವಂತೆ ಹಾಕುತ್ತಾರೆ. ಎಲ್ಲಿ ಟೋಪಿ ಸರಿಯಾಗಿ ತಾಗಿಲ್ಲವೋ ಅಲ್ಲಿಯ ಕೂದಲು ಹೋಗುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ತಲೆ ಸಿಡಿದಂತಾಗುತ್ತದೆ. ಅನಂತರ ನೆತ್ತಿ ಜೋಮು ಹಿಡಿದು ಬಹುಮಂದಿಗೆ ಸಹಿಸಲು ಬರುತ್ತದೆ. ಒಂದು ಶಾಲು ಅಥವಾ ಕಂಬಳಿ ತಂದುಕೊಳ್ಳಿ.

ಮನೆಯಲ್ಲಿ ಫ್ರಿಜ್ಜಿನ ಐಸ್ ತಲೆಗೆ ಕಟ್ಟಿಕೊಂಡರಾಗದೇ ಎಂದು ಕೇಳುವವರಿದ್ದಾರೆ. ಆಗದು. ಫಲವೂ ಸಿಗುವುದಿಲ್ಲ, ನೇರ ಮಂಜಿನಿಂದ ಚರ್ಮ ಸುಟ್ಟ ಹಾಗೆ ಗಾಯವಾಗುವ ಅಪಾಯವಿದೆ.

ನೆತ್ತಿಗೆ ಔಷಧ ತಲುಪದಿದ್ದರೆ ಅಲ್ಲೇ ಕ್ಯಾನ್ಸರ್ ಉಳಿದುಬಿಟ್ಟೀತೇ? ಇದು ನ್ಯಾಯವಾದ ಪ್ರಶ್ನೆ, ವೈದ್ಯರೂ ಬಹಳ ವರ್ಷ ಇದನ್ನೇ ಕೇಳಿಕೊಂಡರು. ಸ್ತನ ಕ್ಯಾನ್ಸರ್ ನೆತ್ತಿಯ ಚರ್ಮಕ್ಕೆ ಹರಡುವುದೇ ಅಪರೂಪ, ನೂರರಲ್ಲಿ ಒಬ್ಬರಿಗೂ ಕಡಿಮೆ. ಟೋಪಿ ಧರಿಸಿದವರಲ್ಲಿ ಅದು ಹೆಚ್ಚಾಗಿರುವುದು ಕಂಡುಬಂದಿಲ್ಲ. ಆದರೆ ರಕ್ತದ ಕ್ಯಾನ್ಸರ್ ಇರುವವರಿಗೆ ಈ ವಿಧಾನ ಸಲ್ಲದು. ಚಳಿಗೆ ರಕ್ತ ಹೆಪ್ಪುಗಟ್ಟುವಂತಹ ಕೆಲವು ವಿರಳ ಕಾಯಿಲೆಗಳಿರುವವರಿಗೂ ಬೇಡ. ಚಳಿಯಲ್ಲಿ ಮೈಮೇಲೆ ದದ್ದು ಏಳುವ, ಬೆರಳು ನೀಲಿಯಾಗುವ ತೊಂದರೆ ಇದ್ದರೆ ಮೊದಲೇ ತಿಳಿಸಿರಿ. ಈ ಯಂತ್ರ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ, ಒಂದು ಡೋಸಿಗೆ ಎಷ್ಟು ಖರ್ಚು ಎಂಬುದನ್ನು ಮೊದಲ ಡೋಸಿನ ದಿನಾಂಕ ಗೊತ್ತಾಗುವ ಮುಂಚೆಯೇ ವಿಚಾರಿಸಿಕೊಳ್ಳಿರಿ. ಅದು ಸಿಗಲೆಂದು ಚಿಕಿತ್ಸೆಯನ್ನು ವಾರಗಟ್ಟಲೆ ಮುಂದೂಡುವುದು ಮಾತ್ರ ಬೇಡ.

ಟೋಪಿ ಸಾಧ್ಯವಾಗದಿದ್ದರೆ

ಬಹುಪಾಲು ರೋಗಿಗಳ ಸ್ಥಿತಿ ಇದೇ. ಉದುರುವುದನ್ನು ತಡೆಯಲಾಗದಿದ್ದರೂ ಅದರ ನೋವನ್ನು ಕಡಿಮೆ ಮಾಡಿಕೊಳ್ಳಲು ಸಾಧ್ಯ.

ಮೊದಲ ಡೋಸಿಗೆ ಮುಂಚೆಯೇ ಉದ್ದ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಳ್ಳುವುದು ಒಳ್ಳೆಯದು. ಮಾರುದ್ದದ ಜಡೆ ಕೈಗೆ ಬರುವುದಕ್ಕೂ ಗಿಡ್ಡ ಕೂದಲು ಉದುರುವುದಕ್ಕೂ ಮನಸ್ಸಿಗೆ ಬಹಳ ವ್ಯತ್ಯಾಸವಿದೆ. ಅಲ್ಲದೆ ಕಂಕುಳಿನ ಗಂಟುಗಳ ಶಸ್ತ್ರಚಿಕಿತ್ಸೆಯಾದ ಕೈಯನ್ನು ಮೇಲಕ್ಕೆತ್ತಿ ತಲೆ ಬಾಚುವುದು, ಜಡೆ ಹೆಣೆಯುವುದು ಹೇಗಿದ್ದರೂ ಕಷ್ಟ. ಕತ್ತರಿಸಿದ ಜಡೆಯನ್ನು ಎಸೆಯಬೇಡಿ. ಹಳೆಯ ಕಾಲದಿಂದ ಚೌರಿ ಮಾಡುವವರು ನಮ್ಮಲ್ಲಿದ್ದಾರೆ. ನಿಮ್ಮದೇ ಕೂದಲಿನ ಚೌರಿಯನ್ನು ಹತ್ತಿ ಟೋಪಿಯ ಹಿಂದಿನ ಅಂಚಿಗೆ ಹೊಲಿಸಿಕೊಂಡು ಮೇಲೆ ಸೆರಗು ಹೊದ್ದರೆ, ಸಿದ್ಧ ವಿಗ್‌ಗಿಂತ ಸಹಜವಾಗಿ ಕಾಣುತ್ತದೆ, ಖರ್ಚೂ ಕಡಿಮೆ. ವಿಗ್ಗೇ ಬೇಕೆನ್ನುವವರು ಕೂದಲಿರುವಾಗಲೇ ಹೋಗಿ ಬಣ್ಣ, ದಪ್ಪ ಹೊಂದಿಸಿಕೊಳ್ಳಬೇಕು. ನಮ್ಮ ಬೇಸಿಗೆಯಲ್ಲಿ ವಿಗ್ ಇಡೀ ದಿನ ಧರಿಸುವುದು ಹಿಂಸೆ. ಮದುವೆ, ಮುಂಜಿ, ಜಾತ್ರೆಗೆ ಹೋಗುವಾಗ ಧರಿಸಿ, ಮನೆಯಲ್ಲಿ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಉತ್ತರ ಕರ್ನಾಟಕದ ಕಡೆ ತಲೆ ಮೇಲೆ ಸೆರಗು ಹೊದೆಯುವ ರೂಢಿ ಇರುವುದರಿಂದ ಅಲ್ಲಿಯವರಿಗೆ ಇದು ಅಷ್ಟು ತೊಡಕಲ್ಲ. ರೇಷ್ಮೆ, ನೈಲಾನ್ ಬಟ್ಟೆ ನೆತ್ತಿಯ ಮೇಲೆ ಜಾರುತ್ತದೆ.

ಉದುರತೊಡಗಿದ ಮೇಲೆ ಪೂರ್ತಿ ತೆಗೆಸಿಬಿಡುವುದು ಲೇಸೆಂದು ಹಲವರಿಗೆ ಅನಿಸುತ್ತದೆ. ಅದು ಅವರವರ ಇಷ್ಟ. ತೆಗೆಸುವುದಾದರೆ ಕತ್ತಿ, ಬ್ಲೇಡು ಬೇಡ. ಟ್ರಿಮ್ಮರ್ ಯಂತ್ರದಿಂದ ತೆಗೆಸಿರಿ. ಡೋಸ್ ಪಡೆದ 7ರಿಂದ 14ನೇ ದಿನದವರೆಗೆ ಬಿಳಿ ರಕ್ತಕಣಗಳು ತೀರ ಕಡಿಮೆಯಿರುತ್ತವೆ. ಆಗ ಬ್ಲೇಡಿನ ಒಂದು ಸಣ್ಣ ಗೀರೂ ದೊಡ್ಡ ಸೋಂಕಿಗೆ ದಾರಿಯಾಗಬಹುದು.

ಇದೇ ಕಾರಣಕ್ಕೆ ಹರಕೆಯ ವಿಷಯ ಹೇಳಬೇಕಾಗಿದೆ. ಕಾಯಿಲೆ ಬಂದಾಗ ತಿರುಪತಿಗೋ, ಮಲೆ ಮಹದೇಶ್ವರ ಬೆಟ್ಟಕ್ಕೋ ಮುಡಿ ಕೊಡುತ್ತೇವೆಂದು ಹರಸಿಕೊಳ್ಳುವವರು ಬಹಳ. ಹೇಗಿದ್ದರೂ ಹೋಗುವ ಕೂದಲು, ದೇವರಿಗಾದರೂ ಸಲ್ಲಲಿ ಎಂಬ ಭಾವನೆ ಅರ್ಥವಾಗುವಂಥದೇ. ಆದರೆ ಎರಡು ಡೋಸುಗಳ ನಡುವೆ ಜನಸಂದಣಿಯಲ್ಲಿ ನಿಂತು ಕತ್ತಿಯಿಂದ ಮುಡಿ ತೆಗೆಸುವುದು ಅಪಾಯ. ವೈದ್ಯರ ಒಪ್ಪಿಗೆ ಪಡೆದು ಚಿಕಿತ್ಸೆಗೆ ಮೊದಲೇ ಕೊಟ್ಟುಬನ್ನಿ, ಇಲ್ಲವೇ ಚಿಕಿತ್ಸೆ ಮುಗಿದು ಕೂದಲು ಬಂದ ಮೇಲೆ ಹರಕೆ ತೀರಿಸಿರಿ.

ಬರಿ ತಲೆಗೆ ಬಿಸಿಲು ಬಹುಬೇಗ ತಾಗುತ್ತದೆ. ಹೊಲಗದ್ದೆಗೆ ಹೋಗುವವರು ತಲೆಗೆ ಬಟ್ಟೆ ಇಲ್ಲದೆ ಹೊರಡಬಾರದು. ಹುಬ್ಬು, ರೆಪ್ಪೆಗೂದಲುಗಳೂ ಹಲವರಲ್ಲಿ ಸ್ವಲ್ಪ ತಡವಾಗಿ ಉದುರುತ್ತವೆ. ರೆಪ್ಪೆಯಿಲ್ಲದ ಕಣ್ಣಿಗೆ ಧೂಳು, ಒಲೆಯ ಹೊಗೆ ಬೇಗ ತಾಗುವುದರಿಂದ ಕನ್ನಡಕ ಹಾಕಿಕೊಳ್ಳಬಹುದು. ಮೂಗಿನೊಳಗಿನ ಕೂದಲು ಹೋದಾಗ ನೆಗಡಿಯಿಲ್ಲದೆಯೂ ಮೂಗು ಸೋರುತ್ತದೆ, ಗಾಬರಿ ಬೇಡ. ನೆತ್ತಿಯಲ್ಲಿ ಕೀವುಗುಳ್ಳೆಗಳೆದ್ದರೆ, ಅಥವಾ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಬನ್ನಿರಿ.

ಜೊತೆಗಿರುವವರಿಗೆ

ರೋಗಿಯ ಜೊತೆ ಇರುವ ಅತ್ತೆ, ಸೊಸೆ, ಅಕ್ಕ, ಮಗಳು, ಪತಿ ಇವರೆಲ್ಲ ಒಂದು ಮಾತು ಗಮನಿಸಬೇಕು. ಉದುರಿದ ಕೂದಲನ್ನು ಗುಡಿಸುವ ಕೆಲಸವನ್ನು ರೋಗಿಗೇ ಬಿಡಬೇಡಿ. ದಿಂಬಿನ ಕವಚವನ್ನು ಬೆಳಗ್ಗೆ ಅವರು ಏಳುತ್ತಲೇ ಬದಲಾಯಿಸಿಬಿಡಿ. ನೋಡಲು ಬಂದ ನೆಂಟರು "ಅಯ್ಯೋ, ಎಂಥ ಕೂದಲಿತ್ತು!" ಎಂದು ಶುರುಮಾಡಿದರೆ ಮಾತು ಬೇರೆ ಕಡೆ ತಿರುಗಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೆ ಮೊದಲೇ ಹೇಳಿರಬೇಕು: ಅವ್ವನಿಗೆ ಕೊಡುವ ಔಷಧದಿಂದ ಕೂದಲು ಹೋಗುತ್ತದೆ, ಮತ್ತೆ ಬರುತ್ತದೆ. ಹೇಳದೆ ಇದ್ದರೆ ಮಕ್ಕಳು ಹೆದರಿ ದೂರ ನಿಲ್ಲುತ್ತಾರೆ, ಆ ತಾಯಿಗೆ ಅದಕ್ಕಿಂತ ದುಃಖ ಬೇರೊಂದಿಲ್ಲ. ಇದು ಅಂಟುವ ಕಾಯಿಲೆಯಲ್ಲ. ಪಕ್ಕದಲ್ಲಿ ಮಲಗುವುದು, ಮುಟ್ಟುವುದು, ಜೊತೆಯಲ್ಲಿ ಊಟ ಮಾಡುವುದು ಯಾವುದಕ್ಕೂ ಅಡ್ಡಿಯಿಲ್ಲ.

ಪತಿಯ ಒಂದು ಮಾತು ಇಲ್ಲಿ ಯಾವ ಔಷಧಕ್ಕೂ ಕಡಿಮೆಯಲ್ಲ. ಹೂವಿನ ಅಂಗಡಿಯ ಮುಂದೆ ಹೋಗುವಾಗ ಮೊದಲಿನಂತೆಯೇ ಒಂದು ಮೊಳ ಮಲ್ಲಿಗೆ ತಂದವರಿದ್ದಾರೆ. ಮುಡಿಯಲಾಗದಿದ್ದರೆ ದೇವರ ಮುಂದೆ ಇಟ್ಟರಾಯಿತು.

ಕೂದಲು ಮರಳಿ ಬರುವುದು

ಕೊನೆಯ ಡೋಸ್ ಮುಗಿದ ಒಂದರಿಂದ ಮೂರು ತಿಂಗಳಲ್ಲಿ ನೆತ್ತಿಯ ಮೇಲೆ ಎಳೆಮಗುವಿನಂತಹ ನವಿರು ಕೂದಲು ಕಾಣಿಸುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಆದ್ದರಿಂದ ತಲೆ ತುಂಬಿದಂತೆ ಕಾಣಲು ಆರು ತಿಂಗಳು, ಜಡೆ ಹಾಕುವಷ್ಟಾಗಲು ಎರಡು ಮೂರು ವರ್ಷವೇ ಬೇಕು. ನೇರ ಕೂದಲಿದ್ದವರಿಗೆ ಗುಂಗುರಾಗಿ, ಕಪ್ಪಗಿದ್ದವರಿಗೆ ಬೂದು ಬಣ್ಣದಲ್ಲಿ ಬರುವುದುಂಟು. ಹೆಚ್ಚಿನವರಲ್ಲಿ ಇದು ಕ್ರಮೇಣ ಮೊದಲಿನಂತಾಗುತ್ತದೆ. ಕೆಲವರಲ್ಲಿ, ಮುಖ್ಯವಾಗಿ ಡೋಸಿಟ್ಯಾಕ್ಸೆಲ್ ಪಡೆದವರಲ್ಲಿ, ಕೂದಲು ಮೊದಲಿನಷ್ಟು ದಟ್ಟವಾಗಿ ಬಾರದೆ ಉಳಿಯಬಹುದು. ಹೀಗಾಗುವುದು ಕಡಿಮೆ, ಆದರೂ ಚಿಕಿತ್ಸೆಗೆ ಮೊದಲು ಈ ವಿಷಯ ವೈದ್ಯರ ಜೊತೆ ಮಾತಾಡಿಕೊಳ್ಳಬಹುದು. ಹಾರ್ಮೋನ್ ಮಾತ್ರೆ ನುಂಗುತ್ತಿರುವವರಲ್ಲಿ ಬೆಳವಣಿಗೆ ನಿಧಾನ. ಕೂದಲು ತೆಳ್ಳಗಿದೆಯೆಂದು ಆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಬಂದು ಹೇಳಿರಿ.

ಹೊಸ ಕೂದಲಿಗೆ ಮೊದಲ ಆರು ತಿಂಗಳು ಬಣ್ಣ ಹಚ್ಚಬೇಡಿ. 'ಕಪ್ಪು ಮೆಹಂದಿ' ಎಂದು ಮಾರುವ ಪುಡಿಗಳಲ್ಲಿ ಹೆಚ್ಚಾಗಿ ಮದರಂಗಿಯ ಜೊತೆಗೆ ರಾಸಾಯನಿಕ ಬಣ್ಣ ಬೆರೆಸಿರುತ್ತಾರೆ, ಅದೂ ಬೇಡ. ತಲೆಗೆ ಸೀಗೆಪುಡಿ ಒರಟೆನಿಸಿದರೆ ಮಕ್ಕಳಿಗೆ ಬಳಸುವ ಮೃದು ಶಾಂಪೂ ಬಳಸಿ, ವಾರಕ್ಕೆ ಎರಡು ಸಲ, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದರೆ ಸಾಕು.